ಭಂಡಾರ ಹಿಡಿದು ಕೊಂಡ ದೀಪ

ಅಪ್ಪನನ್ನು ಮಿರಜಿನ ದವಾಖಾನೆಯಿಂದ ಮನೆಗೆ ಕರೆದುಕೊಂಡು ಬಂದ ಮರುದಿನ ಅವ್ವ ನನ್ನ ಹತ್ತಿರ ಒಂದು ಫೋಟೋ ಕೇಳಿದಳು. ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ಇರಲಿ, ಬೇಡಿದ್ದು ಕೊಡಿ ಎಂದು ಡಾಕ್ಟರು ಹೇಳಿದ್ದರು. ಹದಿನೈದು ದಿನ, ಬಹಳವೆಂದರೆ ಒಂದು ತಿಂಗಳು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಡೆ ನೋಡದೆ, ಹಿಟ್ಟಿಗೆ ಹೇಳುವವಳ ಹಾಗೆ ಹೇಳಿದಳು.

"ನಿಮ್ಮಪ್ಪಗ ಇನ್ನಾ ಕುಂದ್ರೂವಷ್ಟು ಶಕ್ತಿ ಐತಿ. ಇಬ್ಬರ್ದೂ ಕೂಡಿಸಿ ಒಂದ ಫೋಟೋ ತಗೀತಿಯೇನ? ಸ್ಟುಡಿಯೋದಾಗ ತಗೀತಾರಲ್ಲ, ಅಂಥಾದ್ದು."

"ತಗೀತೀನಿ ಬೇ."

"ಕುಂಕುಮ ಚಂದ ಕಾಣಬೇಕ ನೋಡ."

ಅಷ್ಟೇ ಹೇಳಿ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. ಯಾಕೆ ಎಂದು ನಾನು ಕೇಳಲಿಲ್ಲ. ನಮ್ಮ ಬಾಜೂ ಮನೆಯಲ್ಲಿ ಕೆಂಚವ್ವತ್ತಿ ಇದ್ದಾಳೆ, ಅಪ್ಪನ ಅಕ್ಕ. ಅವಳ ಗಂಡ ತೀರಿಕೊಂಡು ಮೂವತ್ತು ವರ್ಷವಾಯಿತು. ಅವಳದು ಇರುವುದು ಒಂದೇ ಫೋಟೋ, ಆಧಾರ ಕಾರ್ಡಿನದು, ಬರಿ ಹಣೆಯದು. "ನನ್ನ ಮೊಮ್ಮಕ್ಕಳು ನಾ ಹುಟ್ಟಿದಾಗಿಂದ ಹಿಂಗ ಅದೀನಿ ಅಂತ ತಿಳಕೊಂಡಾವ" ಎಂದು ಅತ್ತಿ ಎಲ್ಲರ ಮುಂದೆ ಹೇಳಿ ನಗುತ್ತಾಳೆ. ಅವ್ವ ಆ ಮಾತಿಗೆ ಒಂದು ಸಲವೂ ನಕ್ಕಿದ್ದನ್ನು ನಾನು ನೋಡಿಲ್ಲ.

ಅವ್ವನದೂ ಸರಿಯಾದ ಫೋಟೋ ಇರಲಿಲ್ಲ. ನಾವು ಕುರಿ ಕಾಯುವವರು. ವರ್ಷದಲ್ಲಿ ಏಳೆಂಟು ತಿಂಗಳು ಕೃಷ್ಣೆಯ ದಂಡೆಯಲ್ಲಿ, ಯಾರದೋ ಹೊಲದಲ್ಲಿ ಹಟ್ಟಿ ಹಾಕಿಕೊಂಡು ಇರುತ್ತಿದ್ದೆವು. ನಾನು ಏಳನೆಯದಕ್ಕೆ ಸಾಲಿ ಬಿಟ್ಟದ್ದೂ ಅದಕ್ಕೇ. ಅವರ ಲಗ್ನಕ್ಕೆ ಫೋಟೋದವನು ಬಂದಿರಲಿಲ್ಲ. ನನ್ನ ಮೊಬೈಲಿನಲ್ಲಿ ಅವ್ವನ ಹತ್ತು ಹನ್ನೆರಡು ಫೋಟೋ ಇದ್ದವು, ಎಲ್ಲದರಲ್ಲೂ ಸೆರಗು ಹುಬ್ಬಿನವರೆಗೆ ಇಳಿದಿರುತ್ತಿತ್ತು. ಮೊಬೈಲು ಎತ್ತಿದರೆ ಸಾಕು, ಅವಳ ಕೈ ಸೆರಗಿಗೆ ಹೋಗುತ್ತಿತ್ತು.

ನಾನು ಎರಡು ವರ್ಷದಿಂದ ರಾಯಬಾಗದಲ್ಲಿ ಬಾಳಾಸಾಬ ಕಾಕಾನ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಜೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಸತ್ತವರ ಸಣ್ಣ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡುವುದು. ನಾನು ಮಾತು ಕಡಿಮೆ. ಕಾಕಾ ಗಿರಾಕಿಯ ಗದ್ದವನ್ನು ಎಷ್ಟು ಎತ್ತಿಸುತ್ತಾನೆ, ಮೂಗಿನ ನೆರಳು ಎಲ್ಲಿ ಬೀಳುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದೆ. ಅದನ್ನು ಅವನು ನೋಡಿದ್ದ. ಒಂದು ದಿನ ತಾನಾಗಿಯೇ ಹೇಳಿದ್ದ: "ಹಿಂದಿನ ಖೋಲಿ ಖಾಲಿ ಐತಿ. ನೀ ಲೈಟ್ ತಗೊಂಡು ಬಾ, ಮಂದೀನ ಕುಂದ್ರಿಸಿ ಚಲೋ ಫೋಟೋ ತಗಿ. ಕ್ಯಾಮೆರಾ ನಂದು ಐತಿ. ನನ್ನ ಲೈಟ್ ಗ್ವಾಡಿಗೆ ಬಡದೇನಿ, ಅವು ನನ್ನ ಸಂಗಾಟನ ಹೋಗ್ತಾವ."

ಆ ಲೈಟಿಗೆಂದು ನಾನು ಆರೂವರೆ ಸಾವಿರ ಕೂಡಿಸಿ ಇಟ್ಟಿದ್ದೆ. ಅವ್ವ ಕೇಳಿದ ದಿನವೇ, ಲೈಟು ತರುತ್ತೇನೆ ಎಂದು ಕಾಕಾನಿಗೆ ಹೇಳಿದೆ.

"ಫ್ಲ್ಯಾಶ್ ತಗೋ," ಎಂದ. "ಒಂದ ಇರ್ಲಿ, ಮ್ಯಾಲ ಒಂದು ಬಿಳೀ ಛತ್ರಿ ಇರ್ಲಿ, ಸಾಕು. ಆ ದುಂಡಂದು ರಿಂಗ್ ಲೈಟ್ ಅಂತೂ ಬ್ಯಾಡ. ಕಣ್ಣಾಗ ಬಳಿ ಇಟ್ಟಂಗ ಕಾಣ್ತೈತಿ."

ನಾನು ತಲೆ ಆಡಿಸಿದೆ. ಆದರೆ ಫ್ಲ್ಯಾಶ್ ನನಗೆ ಬೇಕಿರಲಿಲ್ಲ. ದವಾಖಾನೆಯಿಂದ ಬಂದ ಮೇಲೆ ಅಪ್ಪ ಗಂಗಾಳ ಬಿದ್ದರೂ ಬೆಚ್ಚಿ ನಡುಗುತ್ತಿದ್ದ. ಮುಖದ ಮುಂದೆ ಮಿಂಚು ಹೊಡೆದರೆ ಏನಾದೀತು? ಉರಿಯುತ್ತಲೇ ಇರುವ ದೀಪವಾದರೆ ಅಪ್ಪನಿಗೂ ತ್ರಾಸಿಲ್ಲ, ಬೆಳಕು ಎಲ್ಲಿ ಬೀಳುತ್ತದೆ ಎಂದು ನನಗೂ ಮೊದಲೇ ಕಾಣುತ್ತದೆ. ಇದನ್ನು ಕಾಕಾನಿಗೆ ಹೇಳಿದ್ದರೆ ಅವನು ಇನ್ನೊಂದು ಮಾತು ಹೇಳುತ್ತಿದ್ದನೋ ಏನೋ. ನಾನು ಹೇಳಲಿಲ್ಲ.

ಅದನ್ನು ಕೊಳ್ಳಲಿಕ್ಕೆ ಚಿಕ್ಕೋಡಿಗೆ ಹೊರಟಾಗ ಅವ್ವ ನನ್ನ ಓಢಣಿಯ ತುದಿಗೆ ಭಂಡಾರ ಕಟ್ಟಿಕೊಟ್ಟಳು. ಬೀರದೇವರ ಮುಂದಿನ ಅರಿಷಿಣದ ಪುಡಿ. ನಮ್ಮಲ್ಲಿ ಹೊಸದಾಗಿ ಏನೇ ಕೊಂಡರೂ, ಟಗರಾಗಲಿ ಮೋಟರ್‌ಸೈಕಲ್ಲಾಗಲಿ, ಮೊದಲು ಭಂಡಾರ ಹಚ್ಚಿ ಆಮೇಲೆ ಮನೆಗೆ ತರುವುದು.

ಅಂಗಡಿ ಬಸ್ ನಿಲ್ದಾಣದ ಹಿಂದೆ, ಮಾಳಿಗೆಯ ಮೇಲೆ. ಮೆಟ್ಟಿಲ ಹತ್ತಿರ ನಾನು ಬಹಳ ಹೊತ್ತು ನಿಂತಿದ್ದೆ. ಒಳಗೆ ರೋಹನ ಎನ್ನುವ ಹುಡುಗ ಮಾರಾಟಕ್ಕಿದ್ದ.

"ಬರ್ರಿ ಅಕ್ಕಾರ. ಯಾರಿಗ್ರಿ? ಅಣ್ಣಾರಿಗೇನು?"

"ನಂಗ."

"ವ್ಹಾ! ರೀಲ್ಸ್ ಮಾಡ್ತೀರೇನ್ರಿ?"

"ಇಲ್ರಿ. ಫೋಟೋ. ಕುಂದ್ರಿಸಿ ತಗಿಯೂದು."

ಅವನು ಒಂದೊಂದೇ ಇಳಿಸಿ ಇಟ್ಟ. ದೊಡ್ಡ ಬಲ್ಬಿನ ಮೇಲೆ ಕರಿ ಚೀಲ ತೊಡಿಸಿದ ಜೋಡಿ ಬಂತು. ಅದರ ಸ್ಟ್ಯಾಂಡು ಕೈ ತಾಗಿದರೆ ಅಲುಗುತ್ತಿತ್ತು. ಆಮೇಲೆ ರಿಂಗ್ ಲೈಟು, ಆಮೇಲೆ ಫ್ಲ್ಯಾಶ್. ಕೊನೆಗೆ ಎರಡು ಎಲ್‌ಇಡಿ ದೀಪ ಇಟ್ಟ. ನೋಡಲಿಕ್ಕೆ ಅಕ್ಕತಂಗಿಯರ ಹಾಗೆ ಒಂದೇ ಥರ. ತುಟ್ಟಿ ಒಂದರ ಬೆಲೆಯಲ್ಲಿ ಸಸ್ತಾದ್ದು ಎರಡು ಬರುತ್ತಿದ್ದವು, ಸ್ಟ್ಯಾಂಡು ಛತ್ರಿ ಸೇರಿಸಿ.

"ಇದಕ್ಕ್ಯಾಕ ಅಷ್ಟು ಜಾಸ್ತಿರಿ?" ಎಂದು ಕೇಳಿದೆ. ಅಷ್ಟು ಕೇಳಲಿಕ್ಕೇ ನನ್ನ ಕಿವಿ ಬಿಸಿಯಾಯಿತು.

"ಇದರಾಗ ಬಣ್ಣ ಖರೇಖರೇ ಕಾಣ್ತಾವ್ರಿ. ಡಬ್ಬಿ ಮ್ಯಾಲ ನಂಬರ್ ಐತಿ ನೋಡ್ರಿ, ತೊಂಬತ್ತಾರು. ನೂರು ಅಂದ್ರ ಸೂರ್ಯಾನ ಬೆಳಕು. ಆ ಸಸ್ತಾದ್ದರ ಮ್ಯಾಲ ನಂಬರ್ ಬರದಿಲ್ರಿ."

ಅವನು ಎರಡನ್ನೂ ಹಚ್ಚಿದ. ಎರಡೂ ಬೆಳ್ಳಗೆ ಉರಿದವು. ನನಗೆ ವ್ಯತ್ಯಾಸ ಕಾಣಲಿಲ್ಲ. ಆಗ ಓಢಣಿಯ ಗಂಟು ಬಿಚ್ಚಿ, ಅಂಗೈಯಲ್ಲಿ ಭಂಡಾರ ಹಾಕಿಕೊಂಡು, ಮೊದಲು ತುಟ್ಟಿ ದೀಪದ ಕೆಳಗೆ ಹಿಡಿದೆ. ಬಂಗಾರದ ಹಾಗೆ ಹೊಳೆಯಿತು. ಸಸ್ತಾದ್ದರ ಕೆಳಗೆ ಹಿಡಿದೆ. ಅಲ್ಲೂ ಅದೇ ಬಂಗಾರ, ಗುಂಜಿಯಷ್ಟೂ ಕಡಿಮೆಯಿಲ್ಲ. ಮೂರು ಸಲ ಹಿಡಿದು ನೋಡಿದೆ.

ಬಣ್ಣ ಖರೆ ಕಾಣುತ್ತದೋ ಇಲ್ಲವೋ ಎಂದು ನೋಡಲಿಕ್ಕೆ ಭಂಡಾರಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿರಲಿಲ್ಲ. ಹುಡುಗ ವ್ಯಾಪಾರಕ್ಕೆ ಹೇಳುತ್ತಿದ್ದಾನೆ ಅಂದುಕೊಂಡೆ.

"ಭಂಡಾರ ಚಂದ ಕಾಣ್ತೈತ್ರಿ ಅಕ್ಕಾರ, ಆದ್ರ ಮುಖದ ಬಣ್ಣ…" ಎಂದು ಅವನು ಶುರು ಮಾಡಿದ. ಅಷ್ಟರಲ್ಲಿ ಅಥಣಿಯ ಕಡೆಯ ಲಗ್ನದ ಫೋಟೋದವರು ನಾಲ್ಕು ಮಂದಿ ಗದ್ದಲ ಮಾಡುತ್ತ ಒಳಗೆ ಬಂದರು. ಅವನು ಆ ಕಡೆ ತಿರುಗಿದ. ಮುಖದ ಬಣ್ಣಕ್ಕೆ ಏನು ಎಂದು ಕೇಳಲಿಕ್ಕೆ ನಾನು ಸ್ವಲ್ಪ ಹೊತ್ತು ಕಾದೆ. ಆ ಗಂಡಸರೆಲ್ಲ ನನ್ನ ಅಂಗೈಯಲ್ಲಿದ್ದ ಅರಿಷಿಣ ನೋಡುತ್ತಿದ್ದರು. ಕೇಳಲಿಲ್ಲ. ಸಸ್ತಾದ ಜೋಡಿಗೆ ಭಂಡಾರ ಹಚ್ಚಿ, ರೊಕ್ಕ ಕೊಟ್ಟು ಬಂದೆ.

ಮರುದಿನ ಮುಂಜಾನೆ ಫೋಟೋ.

ನಮ್ಮದು ಒಂದೇ ಖೋಲಿಯ ತಗಡಿನ ಮನೆ. ಕಿಟಕಿ ಇಲ್ಲ, ಒಂದು ಬಾಗಿಲು. ಒಳಗೆ ಹಗಲಲ್ಲೂ ನಸುಗತ್ತಲೆ. ಹಿಂದಿನ ಗೋಡೆಗೆ ಅಪ್ಪನ ಕರಿ ಕಂಬಳಿ ಕಟ್ಟಿದೆ. ಒಂದು ದೀಪವನ್ನು ಛತ್ರಿ ತೊಡಿಸಿ ಎಡಕ್ಕೆ, ಮುಖಕ್ಕಿಂತ ಒಂದು ಮೊಳ ಎತ್ತರಕ್ಕೆ ಇಟ್ಟೆ. ಇನ್ನೊಂದನ್ನು ಬಲಕ್ಕೆ ದೂರ ಇಟ್ಟು ಕಡಿಮೆ ಮಾಡಿದೆ. ಅಣ್ಣ ಬೀರದೇವ ಅಪ್ಪನಿಗೆ ರುಮಾಲು ಸುತ್ತಿ, ಬೆನ್ನಿಗೆ ಕೌದಿಯ ಗಂಟು ಕೊಟ್ಟು ಕೂರಿಸಿ, ಕುರಿ ಬಿಡಲಿಕ್ಕೆ ಹೋದ. ಅಪ್ಪನ ಹಣೆಗೆ ಅವ್ವ ಭಂಡಾರ ಹಚ್ಚಿದಳು. ಆಮೇಲೆ ತನ್ನ ಹಣೆಗೆ ಮೇಣ ಸವರಿ, ಉಂಗುರದ ಬೆರಳಿಂದ ಕುಂಕುಮ ಒತ್ತಿಕೊಂಡಳು. ಎಂಟಾಣೆಯಷ್ಟು ಅಗಲ. ಬಲಗಡೆ ಅಂಚು ಸ್ವಲ್ಪ ಹೊರಗೆ ಚಾಚಿರುತ್ತದೆ, ಯಾವಾಗಲೂ.

ಕೆಂಚವ್ವತ್ತಿ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. "ಸತ್ತೆವ್ವಾ, ಹಂತ್ಯಾಕ ಸರಿಯ ಬೇ. ನಡಕ ಒಂದು ಕುರಿ ಹಿಂಡ ಹೋಗ್ತೈತಿ ನೋಡ."

ಅವ್ವ ನಾಚಿ ಒಂದು ಗೇಣು ಸರಿದಳು.

ಅಪ್ಪ ದೀಪ ನೋಡಿ ಕಣ್ಣು ಕಿರಿದು ಮಾಡಿದ. ದನಿ ಸಣ್ಣಗಾಗಿತ್ತು. "ಮದವಿ ದಿನಾನೂ ಇಷ್ಟು ಸನೇಕ ಕುಂತಿದ್ದಿಲ್ಲ ಈಕಿ. ಅವತ್ತ ನನ್ನ ಕಂಬಳಿ ನಾರ್ತೈತಿ ಅಂದಿದ್ಲು."

"ಈಗೂ ನಾರ್ತೈತಿ," ಎಂದಳು ಅವ್ವ.

"ಮತ್ತ ಯಾಕ ಬಂದಿ?"

"ನಿಮ್ಮ ಮಗಳು ಕರದಾಳ, ಬಂದೀನಿ."

ಅತ್ತಿ ಬಿದ್ದು ಬಿದ್ದು ನಕ್ಕಳು. ಅಪ್ಪನ ತುಟಿಯೂ ಅರಳಿತು. ಆಗಲೇ ನಾನು ಗುಂಡಿ ಒತ್ತಿದೆ. ಸೆರಗು ಹಿಂದೆ ಸರಿಸು ಎಂದಾಗ ಅವ್ವ ಸರಿಸಿದಳು. ಜೀವನದಲ್ಲಿ ಮೊದಲ ಸಲ ಕ್ಯಾಮೆರಾದ ಕಡೆ ಕಣ್ಣೆತ್ತಿ ನೋಡಿದಳು. ಹದಿನೇಳು ಫೋಟೋ ತೆಗೆದೆ. ಅಷ್ಟರಲ್ಲಿ ಅಪ್ಪನ ಕುತ್ತಿಗೆ ವಾಲಿತು, ಮಲಗಿಸಿದೆವು.

ಕಾಕಾನ ಕ್ಯಾಮೆರಾದ ಸಣ್ಣ ಪರದೆಯಲ್ಲಿ ನೋಡಿದಾಗ ಅಪ್ಪನ ಹಣೆಯ ಭಂಡಾರ ಬೆಳಗುತ್ತಿತ್ತು. ಕಣ್ಣಲ್ಲಿ ಬೆಳಕಿನ ಚುಕ್ಕೆ ಕೂತಿತ್ತು, ಕಾಕಾ ಹೇಳುವ ಹಾಗೆಯೇ. ಅವ್ವನ ಕುಂಕುಮ ಸ್ವಲ್ಪ ಕಪ್ಪೆನಿಸಿತು. ಪರದೆ ಹಳೆಯದು, ಅದಕ್ಕೇ ಇರಬೇಕು ಅಂದುಕೊಂಡು ಮತ್ತೆ ಭಂಡಾರವನ್ನೇ ನೋಡಿದೆ.

ಮಧ್ಯಾಹ್ನ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಹಾಕಿದೆ. ಬಾಳಾಸಾಬ ಕಾಕಾ ಚಷ್ಮಾ ಒರೆಸಿ ಮತ್ತೆ ನೋಡಿದ. ಅವ್ವನ ಕುಪ್ಪಸದ ಹಸಿರು ಇತ್ತು. ರುಮಾಲಿನ ಬಿಳುಪು, ಭಂಡಾರದ ಹಳದಿ ಇದ್ದವು. ಅವ್ವನ ಹಣೆಯ ಮೇಲೆ ಮಾತ್ರ ಸುಟ್ಟ ಇಟ್ಟಂಗಿಯ ಬಣ್ಣದ ಒಂದು ಕಲೆ, ಆರಿದ ಗಾಯದ ಹಾಗೆ. ಇಬ್ಬರ ತುಟಿಗಳೂ ಬೂದಿಯ ಬಣ್ಣಕ್ಕೆ ತಿರುಗಿದ್ದವು.

ಕಾಕಾ ಎದ್ದು ದೇವರ ಪಟದ ಮುಂದಿನ ಕುಂಕುಮದ ಬಟ್ಟಲು ತಂದ. ನನ್ನ ದೀಪ ಹಚ್ಚಿ ಅದರ ಕೆಳಗೆ ಹಿಡಿದ. ಕಂದು. ಬಾಗಿಲ ಹೊರಗೆ ಬಿಸಿಲಿಗೆ ಹಿಡಿದ. ಕಣ್ಣಿಗೆ ಹೊಡೆಯುವ ಕೆಂಪು.

"ಈ ದೀಪದಾಗ ಕೆಂಪ ಇಲ್ಲವ್ವಾ," ಎಂದ. "ಏನ ಹಿಡದು ನೋಡಿ ತಗೊಂಡಿ?"

"ಭಂಡಾರ."

ಅವನು ಬಟ್ಟಲನ್ನು ಕೆಳಗಿಟ್ಟ. "ಅರಿಷಿಣ ಎಂಥಾ ದೀಪದಾಗೂ ಬಂಗಾರನ ಕಾಣ್ತೈತಿ. ಅದು ದೀಪದ ತಪ್ಪು ಹೇಳಾಂಗಿಲ್ಲ." ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ಆತು, ಅಳಬ್ಯಾಡ. ಯಾವ ದೀಪಾನೂ ಬ್ಯಾಡ. ನಾಳಿ ಮುಂಜಾನೆ ಬಾಗಲದಾಗ ಕುಂದ್ರಿಸಿ ಇನ್ನೊಮ್ಮೆ ತಗಿ. ಮುಂಜಾನಿ ಬಾಗಲ ಬೆಳಕಿನಂಥಾ ಲೈಟ್ ಯಾವ ಅಂಗಡ್ಯಾಗೂ ಸಿಗೂದಿಲ್ಲ."

ಮರುದಿನ ಹೊತ್ತು ಹುಟ್ಟುವ ಮೊದಲೇ ನಾನು ಎದ್ದು ಅಂಗಳ ಸಾರಿಸಿದೆ. ಬಾಗಿಲಿಗೆ ತಾಗಿಸಿ ಎರಡು ಮಣೆ ಹಾಕಿದೆ. ಕಾಕಾ ಹೇಳಿದ್ದು ಖರೆ. ಬಿಸಿಲು ಅಂಗಳಕ್ಕೆ ಬಿದ್ದು, ಅಲ್ಲಿಂದ ಮೆತ್ತಗೆ ಒಳಗೆ ಬರುತ್ತಿತ್ತು. ಅವ್ವ ಆ ಬೆಳಕಿನಲ್ಲಿ ಒಂದು ಸಲ ಹಾದುಹೋದಳು. ಹಣೆಯ ಕುಂಕುಮ ಉರಿದ ಹಾಗೆ ಕಂಡಿತು.

ಅಪ್ಪ ಕಣ್ಣು ತೆರೆಯಲಿಲ್ಲ. ಉಸಿರು ಇತ್ತು, ಕರೆದರೆ ಓ ಎನ್ನುತ್ತಿರಲಿಲ್ಲ. ಅವ್ವ ಚಮಚದಲ್ಲಿ ನೀರು ಹಾಕಿದಳು, ತುಟಿಯ ಬದಿಯಿಂದ ಹೊರಗೆ ಹರಿಯಿತು. ಅವಳು ಅವನ ತಲೆಯ ಹತ್ತಿರ ಕೂತುಬಿಟ್ಟಳು.

ನಾನು ಕ್ಯಾಮೆರಾ ಹಿಡಿದುಕೊಂಡು ಮಣೆಗಳ ಹತ್ತಿರ ನಿಂತಿದ್ದೆ. ಅಲ್ಲಿಂದಲೇ ಎಲ್ಲ ಹೇಳಿದೆ. ದೀಪದ್ದು, ಭಂಡಾರದ್ದು, ಕುಂಕುಮ ಕಪ್ಪಾಗಿ ಬಂದದ್ದು. ನಾನು ಅವ್ವನ ಮುಂದೆ ಅಷ್ಟು ಮಾತು ಒಮ್ಮೆಗೇ ಆಡಿದವಳಲ್ಲ.

"ನೀ ಒಬ್ಬಾಕೀನರ ಬಾ ಬೇ. ಎರಡ ನಿಮಿಷ. ಈ ಮಣಿ ಮ್ಯಾಲ ಕುಂದರು. ಆಮ್ಯಾಲ ಎರಡೂ ಕೂಡಿಸ್ತೀನಿ, ಕಂಪ್ಯೂಟರದಾಗ ಬರ್ತೈತಿ."

ಅವ್ವ ಬಾಗಿಲ ಕಡೆ ನೋಡಿದಳು. ಅಲ್ಲಿಂದ ಬಾಗಿಲು ನಾಲ್ಕು ಹೆಜ್ಜೆ.

"ಹೋಗ ಸತ್ತೆವ್ವಾ," ಎಂದಳು ಕೆಂಚವ್ವತ್ತಿ. ಅವತ್ತು ಅವಳ ದನಿಯಲ್ಲಿ ನಗು ಇರಲಿಲ್ಲ. "ನಾ ಅದೀನಿ ಮಲಕಾರಿ ಹಂತ್ಯಾಕ. ಹೋಗಿ ಕುಂದರ ಒಂದ ಗಳಿಗಿ. ನನ್ನ ಮಾತ ಕೇಳ. ಆಮ್ಯಾಲ ಬೇಕಂದ್ರ ಸಿಗೂದಲ್ಲ ಇದು."

ಅವ್ವ ಮೊಣಕಾಲಿನ ಮೇಲೆ ಕೈಯೂರಿ ಅರ್ಧ ಎದ್ದಳು. ನಾನು ಮಣೆ ಸರಿ ಮಾಡಿದೆ. ಅವಳು ಅಪ್ಪನ ಮುಖ ನೋಡಿದಳು, ಮತ್ತೆ ಕೂತಳು.

"ಇವರು ಇಲ್ಲಿ ಹಿಂಗ ಬಿದ್ದಾಗ ನಾ ಒಬ್ಬಾಕಿ ಅಲ್ಲಿ ಸಿಂಗಾರಾಗಿ ಕುಂತ್ರ, ನೀವಿನ್ನ ಹೋಗ್ರಿ ಅಂದಂಗ ಆಗೂದಿಲ್ಲೇನ?"

"ಅವ್ವಾ…"

"ಬ್ಯಾಡ ಸೋನಾಲಿ. ಇವರು ಎದ್ರ ಇಬ್ಬರೂ ಕುಂದ್ರತೀವಿ."

ಕ್ಯಾಮೆರಾ ನನ್ನ ಕೈಯಲ್ಲಿತ್ತು. ಒಂದು ಸಲ ಎತ್ತಿದೆ ಕೂಡ. ಅವ್ವ ತಡೆಯಲಿಲ್ಲ, ಸೆರಗು ಎಳೆದುಕೊಳ್ಳಲಿಲ್ಲ, ಸುಮ್ಮನೆ ನನ್ನ ಕಡೆ ನೋಡಿದಳು. ನಾನು ಇಳಿಸಿದೆ. ಬಿಸಿಲು ಅಂಗಳದಿಂದ ಬೇವಿನ ಮರದ ಕಡೆ ಸರಿಯುವವರೆಗೂ ಆ ಮಣೆಗಳು ಅಲ್ಲೇ ಇದ್ದವು. ಆಮೇಲೆ ನಾನೇ ತೆಗೆದಿಟ್ಟೆ.

ಅದರ ಮರುದಿನ ಸಂಜೆ ಅಪ್ಪ ಹೋದ.

ಮಣ್ಣು ಮಾಡುವ ಮೊದಲು ಅವ್ವನನ್ನು ಅಪ್ಪನ ಬಾಜೂ ಕೂರಿಸಿ, ಹೆಣ್ಣುಮಕ್ಕಳು ಅವಳ ಹಣೆ ತುಂಬ ಕುಂಕುಮ ಬಳಿದರು. ಆಮೇಲೆ ಕೆಂಚವ್ವತ್ತಿಯೇ ಒದ್ದೆ ಅರಿವೆಯಿಂದ ಒರೆಸಿದಳು. ಎರಡು ಸಲ ಒರೆಸಬೇಕಾಯಿತು. ನಾನು ಆ ಅರಿವೆಯನ್ನೇ ನೋಡುತ್ತಿದ್ದೆ. ಬಣ್ಣ ನೆನಪಿಟ್ಟುಕೊಳ್ಳಬೇಕು, ಮರೆಯಬಾರದು ಎಂದು. ಎಲ್ಲರೂ ಅಳುವಾಗ ನನ್ನ ತಲೆಯಲ್ಲಿ ಇದ್ದದ್ದು ಇದು. ಯಾರಿಗೂ ಹೇಳಿಲ್ಲ.

ಐದನೆಯ ದಿನ ಸ್ಟುಡಿಯೋಕ್ಕೆ ಹೋದೆ. ಕಾಕಾ ಕುರ್ಚಿ ಬಿಟ್ಟುಕೊಟ್ಟ. ಅವನು ಎಲ್ಲರ ಹಣೆಗೂ ಹಚ್ಚುವ ಒಂದು ಕೆಂಪು ಬೊಟ್ಟು ಕಂಪ್ಯೂಟರಿನಲ್ಲಿ ಇದೆ, ಅದನ್ನು ಅವ್ವನ ಹಣೆಗೆ ಇಟ್ಟು ನೋಡಿದೆ. ನುಣ್ಣಗೆ, ಗುಂಡಗೆ, ಟಿಕಳಿ ಅಂಟಿಸಿದ ಹಾಗೆ. ಅಳಿಸಿದೆ. ಅಂಚು ಬಿಟ್ಟು ಬಣ್ಣ ಮಾತ್ರ ಬದಲು ಮಾಡಿದೆ. ಅರಿವೆಯ ಮೇಲಿನದು ನೀರು ಕುಡಿದ ಗುಲಾಬಿ, ಅದಲ್ಲ. ಬಟ್ಟಲಿನದು ತೀರ ಕಡು, ಅದೂ ಅಲ್ಲ. ಬೆವರಿನ ಮೇಲೆ, ಮೇಣದ ಮೇಲೆ, ಅವ್ವನ ಕರಿ ಹಣೆಯ ಮೇಲೆ ಅದು ಎಂಥ ಕೆಂಪಾಗಿತ್ತು? ಇಪ್ಪತ್ತೊಂದು ವರ್ಷ ದಿನಾ ನೋಡಿದ್ದೆ. ಅಂಚು ನೆನಪಿತ್ತು, ಅಗಲ ನೆನಪಿತ್ತು. ಕೆಂಪು ಬರಲಿಲ್ಲ. ಸಂಜೆಯವರೆಗೆ ಕೂತು ಒಂದನ್ನು ಮಾಡಿ, ಪ್ರಿಂಟು ತೆಗೆದು ಮನೆಗೆ ಒಯ್ದೆ.

ಅವ್ವ ಪ್ರಿಂಟನ್ನು ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದು ನೋಡಿದಳು. ಅಪ್ಪನ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು.

"ನಿಮ್ಮಪ್ಪ ಖರೇವಂದ್ರ ನಗಾಕತ್ತಾನ."

"ಹೂಂ."

"ಈಕಿ ಯಾರೋ," ಎಂದಳು. ಸಿಟ್ಟಿನಿಂದಲ್ಲ. "ಚಂದ ಅದಾಳ. ನಾ ಅಲ್ಲ ಬಿಡ."

"ಬ್ಯಾರೆ ಮಾಡ್ತೀನಿ ಬೇ. ಬಣ್ಣ ನೀ ಹೇಳು, ಹಂಗ ಮಾಡ್ತೀನಿ."

"ಇನ್ನ ನಾ ಕುಂತು, ನನ್ನ ಹಣಿಗೆ ಇಂಥಾ ಕುಂಕುಮ ಹಚ್ಚ ಅಂತ ಹೇಳಲೇನ ತಾಯಿ?" ಪ್ರಿಂಟನ್ನು ನನ್ನ ಕೈಗೆ ಕೊಟ್ಟಳು. "ನನ್ನ ಕತ್ತರಸು. ನಿಮ್ಮಪ್ಪನ ಒಬ್ಬನ ಫೋಟೋಕ್ಕ ಕಟ್ಟು ಹಾಕಸು. ಹನ್ನೊಂದನೇ ದಿನಕ್ಕ ಬೇಕಾಗ್ತೈತಿ."

ಕತ್ತರಿಸಿದೆ. ಅವ್ವ ಹತ್ತಿರ ಸರಿದು ಕೂತಿದ್ದರಿಂದ ಪೂರ್ತಿ ಕತ್ತರಿಸಲಿಕ್ಕೆ ಬರಲಿಲ್ಲ. ಅಪ್ಪನ ಭುಜದ ಬದಿಗೆ ಅವಳ ಸೆರಗಿನ ಎರಡು ಬೆರಳು ಅಗಲದ ಪಟ್ಟಿ ಉಳಿಯಿತು. ಕಾಕಾ ಅದನ್ನೂ ಅಳಿಸಿ ಕೊಡುತ್ತೇನೆ ಎಂದ. ನಾನು ಬೇಡ ಎಂದೆ.

ಹನ್ನೊಂದನೆಯ ದಿನ ಐಗಳಿಯಿಂದ, ಕಾಗವಾಡದಿಂದ ಪಾವಣ್ಯಾರು, ನೆಂಟರಿಷ್ಟರು, ಬಂದರು. ಬಂದವರೆಲ್ಲ ಮೊದಲು ಫೋಟೋದ ಮುಂದೆ ನಿಂತರು. ಭಂಡಾರ ಎಷ್ಟು ಬೆಳಗೈತಿ ನೋಡ, ಮಲಕಾರಿ ಎದ್ದು ಮಾತಾಡೂವಂಗ ಅದಾನ, ಮಗಳು ತಗದಾಳಂತ, ಲೈಟ್ ತಾನ ಆರಿಸಿ ತಂದಾಳಂತ. ನಮ್ಮ ಅಪ್ಪಂದೂ ಒಂದು ತಗಿಯವ್ವಾ ಎಂದು ಇಬ್ಬರು ಹೇಳಿದರು. ನಾನು ಹೂಂ ಎಂದೆ. ಯಾರಾದರೂ ಫೋಟೋ ಹೊಗಳಿದಾಗಲೆಲ್ಲ ಅವ್ವ ಒಳಗಿನಿಂದ ನನ್ನ ಕಡೆ ನೋಡಿ ಸ್ವಲ್ಪ ನಗುತ್ತಿದ್ದಳು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಊಟದ ಹೊತ್ತಿಗೆ ಕೆಂಚವ್ವತ್ತಿಯ ಸಣ್ಣ ಮೊಮ್ಮಗಳು ನೀಲಮ ಫೋಟೋದ ಹತ್ತಿರ ನಿಂತು ಬೆರಳಿಟ್ಟು ತೋರಿಸಿದಳು.

"ಅಜ್ಜೀ, ಮುತ್ಯಾನ ಬಾಜೂ ಯಾರೋ ಕುಂತಾರ ನೋಡ. ಯಾರ ಅವರು?"

ಅತ್ತಿ ಅವ್ವನ ಕಡೆ ನೋಡಿದಳು.

ಅವ್ವ ಎಲೆಗೆ ಹುಗ್ಗಿ ಬಡಿಸುತ್ತಿದ್ದಳು. "ಯಾರೂ ಇಲ್ಲವ್ವಾ," ಎಂದಳು. "ಊಟಾ ಮಾಡ ಬಾ, ಆರತೈತಿ."